ಲೈಬ್ರರಿ ಹೆಗಡೇರು ಮತ್ತು ಜೋಳದ ಹಾಡು

ಕಮಲಾಕರ ಹೆಗಡೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕುಮಟೆಯ ನಮ್ಮ ಹಂಚಿನ ಮಾಡಿನ ಪುಟ್ಟ ಕಾಲೇಜಿಗೆ ಅವರು ಲೈಬ್ರರಿಯನ್. ಕಪಾಟುಗಳ ಕೀಲಿಕೈ ಗೊಂಚಲನ್ನು ಜನಿವಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಅಂಗಿಯೊಳಗಿಂದ ಅದರ ಸದ್ದು ಕೇಳಿದರೆ ನಾವೆಲ್ಲ ಬಾಯಿ ಮುಚ್ಚುತ್ತಿದ್ದೆವು. ಪುಸ್ತಕವನ್ನು ನಾವು ಮುಟ್ಟುವ ಹಾಗಿರಲಿಲ್ಲ. ಹೆಸರನ್ನು ಚೀಟಿಯಲ್ಲಿ ಬರೆದು ಕಿಟಕಿಯಲ್ಲಿ ಕೊಡಬೇಕು, ಅವರು ಹುಡುಕಿ ತಂದು ಕೊಡಬೇಕು. ಪುಸ್ತಕದ ಹೆಸರೇ ಗೊತ್ತಿಲ್ಲದವನಿಗೆ ದೇವರೇ ಗತಿ.

ನಾನು ಮಾಬ್ಲ, ಧಾರೇಶ್ವರದ ಹತ್ತಿರದ ಗದ್ದೆ ಬಯಲಿನವನು. ನಮ್ಮ ಕೊಪ್ಪದಲ್ಲಿ, ಅಂದರೆ ನಮ್ಮ ಕೇರಿಯಲ್ಲಿ, ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಪ್ಪ ಒಂದೇ ಮಾತು ಹೇಳಿ ಕಳಿಸಿದ್ದ: “ಒಂದ್ ವರ್ಷ ತಪ್ಪಿದ್ರೂ ಆತು, ಗದ್ದೆಗೆ ಬಂದ್ಬಿಡು.” ಅವನನ್ನು ದೂರುವುದಿಲ್ಲ, ಮನೆಯಲ್ಲಿ ದುಡಿಯುವ ಕೈ ಕಡಿಮೆ ಇತ್ತು.

1963ರಲ್ಲಿ ಕನ್ನಡ ಕಲಿಸಲು ಅನಂತಮೂರ್ತಿ ಮಾಸ್ತರರು ಬಂದರು. ಸಿದ್ದಾಪುರದ ಕಡೆಯವರು, ಧಾರವಾಡದಲ್ಲಿ ಎಂ.ಎ. ಮುಗಿಸಿ ನೇರ ಬಂದವರು. ಹೊಸ ಅಗಸ ಗೋಣಿಯನ್ನೂ ಎತ್ತಿ ಎತ್ತಿ ಒಗೆದನಂತೆ, ಹಾಗಿತ್ತು ಅವರ ಉತ್ಸಾಹ. ಒಂದು ದಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: “ನಮ್ಮ ಸೀಮೆಯ ಜನಪದ ಗೀತೆಗಳು: ಆಧಾರಸಹಿತ ಸಂಶೋಧನಾತ್ಮಕ ಪ್ರಬಂಧ.” ಬರೆದವರು ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿ ಹೊರಟೇ ಹೋದರು. ಸಂಶೋಧನೆ ಅಂದರೆ ಎಂತ, ಆಧಾರ ಅಂದರೆ ಎಂತ, ಕೇಳುವ ಧೈರ್ಯ ಯಾರಿಗಿತ್ತು?

ಎಲ್ಲರೂ ಲೈಬ್ರರಿಗೆ ಓಡಿದೆವು. ಪುಸ್ತಕದ ಹೆಸರು ಗೊತ್ತಿಲ್ಲದ್ದರಿಂದ ಬೋರ್ಡಿನ ಮೇಲಿದ್ದ ವಾಕ್ಯವನ್ನೇ ಚೀಟಿಗೆ ಇಳಿಸಿದೆವು. ಒಂದೇ ವಾಕ್ಯದ ಚೀಟಿಗಳು ರಾಶಿ ಬಿದ್ದದ್ದು ನೋಡಿ ಹೆಗಡೆಯವರು ಕೆಂಡವಾದರು. “ಇದು ಪುಸ್ತಕದ ಹೆಸರೋ, ಮಂಗಳಾರತಿ ಮಂತ್ರವೋ?” ಅಂದರು. ಕಡೆಗೆ ಕಪಾಟಿನಲ್ಲಿದ್ದ ಒಂದೇ ಒಂದು ಹಾಡಿನ ಪುಸ್ತಕವನ್ನು ಕಿಟಕಿಯಿಂದ ತಳ್ಳಿ, “ಇದನ್ನೇ ಹಂಚಿಕೊಂಡು ಸಾಯಿರಿ” ಎಂದು ಬಾಗಿಲು ಹಾಕಿಕೊಂಡರು.

ಅದು ಬಯಲುಸೀಮೆಯ ಪುಸ್ತಕ. ನಾವು ಅದನ್ನೇ ಅಕ್ಷರ ಬಿಡದೆ ನಕಲು ಮಾಡಿದೆವು. ನಮ್ಮ ಸೀಮೆಯ ಹೆಂಗಸರು ಜೋಳ ಬೀಸುತ್ತ ಹಾಡುತ್ತಾರೆ ಎಂದು ನಾನು ಬರೆದೆ, ಜೋಳದ ಗಿಡವನ್ನೇ ನೋಡದವನು. ತದಡಿಯ ಜಟ್ಟಿ, ಅವನ ಮನೆಯವರೆಲ್ಲ ಮೀನುಗಾರರು, ತನ್ನ ತಾಯಿ ಜೋಳದ ರಾಶಿಯ ಮುಂದೆ ಕೂತು ಹಾಡುವುದನ್ನು ಎರಡು ಪುಟ ವರ್ಣಿಸಿದ್ದ.

ಅನಂತಮೂರ್ತಿ ಮಾಸ್ತರರು ಕಾಗದಗಳನ್ನು ಮೇಜಿನ ಮೇಲೆ ಎಸೆದರು. “ಕರಾವಳಿಯಲ್ಲಿ ಜೋಳ! ದೀಪಾವಳಿಯೊಳಗೆ ನಿಮ್ಮ ಊರಿನದೇ ಹಾಡು ಬರೆದು ತರದವನಿಗೆ ಟರ್ಮು ಇಲ್ಲ.” ಟರ್ಮು ಇಲ್ಲವೆಂದರೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲವೆಂದರೆ ನನಗೆ ಗದ್ದೆ.

ಆದರೂ ನನಗೆ ಚಿಂತೆಯಾಗಲಿಲ್ಲ. ನನ್ನ ಅಜ್ಜಿ ಹೊನ್ನಿ ಬಾಯಿ ತೆರೆದರೆ ಹಾಡು. ಮದುವೆಯ ಹಾಡು ಕೇಳಲು ಅವಳ ಮುಂದೆ ಕೂತು, “ಅಜ್ಜಿ, ಮದಿ ಪದ ಹೇಳು, ಬರ್ಕಂತೆ” ಅಂದೆ. ಅವಳು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದಳು.

“ಮನೇಲಿ ಮದಿ ಇಲ್ದೆ ಮದಿ ಪದ ಹೇಳೂದಾ? ಮನೆಗೆ ಕೇಡು!”

“ಹಂಗಾರೆ ನಟ್ಟಿ ಪದ?”

“ನಟ್ಟಿ ಮುಗ್ದೋತು. ಗದ್ದೇಲಿ ನಿಂತ್ರೆ ಪದ ಬತ್ತದೆ, ಜಗಲಿ ಮೇಲೆ ಬತ್ತಿಲ್ಲ.”

ಕಾಲಿಗೆ ಬಿದ್ದೆ, ಕೂಗಾಡಿದೆ. ಅಜ್ಜಿ ಜಗ್ಗಲಿಲ್ಲ. ನಾಟಿ ಮುಗಿದಿತ್ತು, ಮದುವೆಯ ಕಾಲ ಇನ್ನೂ ದೂರವಿತ್ತು, ದೀಪಾವಳಿ ತಲೆಯ ಮೇಲೆ ಬಂದಿತ್ತು. ಮರುದಿನ ಲೈಬ್ರರಿಯ ಪುಸ್ತಕ ವಾಪಸು ಮಾಡಿ, ಕಾಲೇಜು ಬಿಟ್ಟು ಗದ್ದೆಗೆ ಹೋಗಿಬಿಡೋಣವೆಂದು ಕಿಟಕಿಯ ಮುಂದೆ ನಿಂತೆ.

“ಎಂತಕ್ಕೆ ಅಳ್ತೆ?” ಎಂದು ಹೆಗಡೆಯವರು ಗದರಿದರು. ಎಲ್ಲ ಹೇಳಿದೆ. ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿದೆ. ಅವರು ಆ ಚೀಟಿಗಳ ರಾಶಿಯನ್ನು ಬಾಚಿಕೊಂಡು, ನನ್ನ ರಟ್ಟೆ ಹಿಡಿದು, ಸ್ಟಾಫ್ ರೂಮಿಗೆ ನುಗ್ಗಿದರು.

“ಇವು ನಿಮ್ಮ ಪ್ರಶ್ನೆಯ ಫಲ. ಪ್ರಶ್ನೆ ಕೊಡುವ ಮೊದಲು ಲೈಬ್ರರಿಯಲ್ಲಿ ಏನಿದೆ ಎಂದು ಒಂದು ಮಾತು ಕೇಳಿದ್ದಿರಾ?”

“ಜೋಳದ ಪುಸ್ತಕ ಕೊಡುವ ಮೊದಲು ನೀವು ನನ್ನನ್ನು ಕೇಳಿದ್ದಿರಾ?” ಮಾಸ್ತರರೂ ಎದ್ದು ನಿಂತರು.

ಇಬ್ಬರೂ ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಜಗಳವಾಡಿದರು. ಜಗಳದ ನಡುವೆ ಹೆಗಡೆಯವರು ನನ್ನನ್ನು ಮುಂದೆ ನೂಕಿ, ಅಜ್ಜಿಯ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಮಾಸ್ತರರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. “ಹಾಡುವುದಿಲ್ಲ ಅಂದಳೇ? ಕೇಡು ಅಂದಳೇ?” ಎಂದು ಕೇಳುವಾಗ ಅವರ ಸಿಟ್ಟು ಇಳಿದುಹೋಗಿತ್ತು.

“ಪುಸ್ತಕದಲ್ಲಿ ಇಲ್ಲೆ ಮಾರಾಯ್ರಾ,” ಅಂದರು ಹೆಗಡೆಯವರು. “ಇವರ ಮನೆಯಲ್ಲಿ ಇದ್ದು. ಆದರೆ ನೀವು ಕೇಳಿದ ಹಾಂಗೆ ಕೇಳಿದರೆ ಸಿಕ್ತಿಲ್ಲೆ.”

“ಹಾಂಗಾರೆ ಹ್ಯಾಂಗೆ ಕೇಳವು?” ಅಂದರು ಮಾಸ್ತರರು.

ಇಬ್ಬರೂ ಮನೆಮಾತಿಗೆ ಇಳಿದದ್ದು ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು. ಚಾ ತರಿಸಿಕೊಂಡು, ಚೀಟಿಗಳ ಬೆನ್ನ ಮೇಲೆ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಸಂಜೆಯ ತನಕ ಕೂತರು. ಮಾಸ್ತರರು ಪ್ರಶ್ನೆ ಬರೆಯುವುದು, ಹೆಗಡೆಯವರು ದಡ್ಡ ವಿದ್ಯಾರ್ಥಿಯ ಹಾಗೆ “ಹಾಂಗಂದ್ರೆ ಎಂತದು?” ಎಂದು ಪೀಡಿಸುವುದು. ಆ ಪಾತ್ರ ಅವರಿಗೆ ಬಹಳ ಹಿಡಿಸಿತ್ತೆಂದು ಕಾಣುತ್ತದೆ.

ಮರುದಿನ ಬೋರ್ಡಿನ ಮೇಲೆ ಹೊಸ ಪ್ರಶ್ನೆ ಬಂತು. ನಿಮ್ಮ ಮನೆಯ ಒಂದೇ ಹಾಡನ್ನು ಆರಿಸಿಕೊಳ್ಳಿ. ಅದನ್ನು ಯಾರು ಹಾಡುತ್ತಾರೆ, ಯಾವಾಗ ಹಾಡಬೇಕು, ಯಾವಾಗ ಹಾಡಬಾರದು, ಏಕೆ? ಹಾಡಿನ ಸಾಲುಗಳು ಸಿಗದಿದ್ದರೆ ಚಿಂತೆ ಬೇಡ. ಯಾರಿಂದ ಕೇಳಿದಿರೋ ಅವರ ಹೆಸರನ್ನು ಬರೆಯಿರಿ, ಅದೇ ಆಧಾರ. ಹೆಗಡೆಯವರು ತಾವೇ ತರಗತಿಗೆ ಬಂದು ಅದನ್ನು ವಿವರಿಸಿದರು. ಅಷ್ಟೇ ಅಲ್ಲ, ಊರು, ಕೃಷಿ, ಹಬ್ಬಗಳ ಪುಸ್ತಕಗಳನ್ನೆಲ್ಲ ಕಪಾಟಿನಿಂದ ತೆಗೆದು ಕಿಟಕಿಯ ಹೊರಗಿನ ಉದ್ದ ಮೇಜಿನ ಮೇಲೆ ಹರವಿ, “ಮುಟ್ಟಿ ನೋಡಿ, ಕಚ್ಚುವುದಿಲ್ಲ” ಅಂದರು.

ನಾನು ಓಡೋಡಿ ಮನೆಗೆ ಹೋಗಿ, “ಅಜ್ಜಿ, ಮದಿ ಪದ ಯಾವಾಗ ಹೇಳೂಕಾಗ?” ಎಂದು, ಯಾವಾಗ ಹಾಡಬಾರದು ಎನ್ನುವುದನ್ನೇ ಕೇಳಿದೆ. ಅಷ್ಟು ಸಾಕಾಯಿತು. ಒಂದು ಸಾಲನ್ನೂ ಹಾಡದೆ, ಸೂತಕದ ಮನೆ, ಆಷಾಢ, ಮುನಿಸಿಕೊಂಡ ಬೀಗರು ಎಂದು ಕತ್ತಲಾಗುವ ತನಕ ಹೇಳಿದಳು. ಬರೆದೂ ಬರೆದೂ ನನ್ನ ಬೆರಳು ಸೋತವು. ಟರ್ಮು ಸಿಕ್ಕಿತು. ಜಟ್ಟಿಗೂ ಸಿಕ್ಕಿತು, ಅವನು ದೋಣಿಯ ಹಾಡು ಬರೆದಿದ್ದ. ಆ ಸುದ್ದಿ ತಿಳಿದ ದಿನ ನಾನು ಧಾರೇಶ್ವರದ ತನಕ ಬಸ್ಸನ್ನೇ ಹತ್ತದೆ, ಸಂತೋಷಕ್ಕೆ ನಡೆದೇ ಹೋದೆ.

ಆಮೇಲೆ ಯಾವ ಪ್ರಶ್ನೆಯೂ ಹೆಗಡೆಯವರ ಕಣ್ಣಿಗೆ ಬೀಳದೆ ಬೋರ್ಡಿಗೆ ಬರಲಿಲ್ಲ. ಬೈಗುಳವೇನೂ ಕಡಿಮೆಯಾಗಲಿಲ್ಲ, ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಕೀಲಿಕೈ ಮಾತ್ರ ಜನಿವಾರ ಬಿಟ್ಟು ಗೋಡೆಯ ಮೊಳೆಗೆ ಬಂತು.

ಬಿ.ಎ. ಮುಗಿಸಿ ಹೊನ್ನಾವರದಲ್ಲಿ ಮಾಸ್ತರಿಕೆ ಹಿಡಿದೆ. 1967ರಲ್ಲಿ ನನ್ನ ಮದುವೆಗೆ ಹೆಗಡೆಯವರೂ ಮಾಸ್ತರರೂ ಬಂದರು. ಅವರ ಕತೆಯನ್ನೆಲ್ಲ ಅಜ್ಜಿ ನನ್ನ ಬಾಯಿಂದ ಕೇಳಿದ್ದಳು. ಚಪ್ಪರದಲ್ಲಿ ಅಜ್ಜಿ ದನಿಯೆತ್ತಿ ಒಂದು ಸಾಲು ಹಾಡಿದವಳು ತಟ್ಟನೆ ನಿಲ್ಲಿಸಿ, ಮುಂದೆ ಕೂತಿದ್ದ ಹೆಗಡೆಯವರ ಕಡೆ ತಿರುಗಿದಳು.

“ಒಡ್ಯಾ, ಈಗ ಬರ್ಕಣಿ.”

ಲೈಬ್ರರಿಯಲ್ಲಿ ಕೆಮ್ಮಲೂ ಬಿಡದಿದ್ದ ಮನುಷ್ಯ ಗಹಗಹಿಸಿ ನಕ್ಕರು. ಕಿಸೆಯಲ್ಲಿ ಕಾಗದವಿರಲಿಲ್ಲ. ಅನಂತಮೂರ್ತಿ ಮಾಸ್ತರರು ಲಗ್ನಪತ್ರಿಕೆಯನ್ನು ಮಗುಚಿ ಅವರ ಕೈಗೆ ಕೊಟ್ಟರು, ಅಜ್ಜಿ ಮತ್ತೆ ಮೊದಲಿನಿಂದ ಹಾಡಿದಳು.