ಕವಳೆ ಪಾನಕಕ್ಕೆ ಬೆಲ್ಲ

ನಾನು ರಾಮಗಿರಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಬೇಸಿಗೆಯಲ್ಲಿ ಗುಡ್ಡದಿಂದ ಹುಳಿಹುಳಿ ಕವಳೆಹಣ್ಣು ತಂದು, ಉಪ್ಪುನೀರಲ್ಲಿ ಅದರ ಅಂಟುಹಾಲು ತೊಳೆದು, ಕಿವುಚಿ, ಬಟ್ಟೆಯಲ್ಲಿ ಸೋಸಿ ಪಾನಕ ಮಾಡುತ್ತಿದ್ದರು. ಎರಡು ದಿನವಾದರೂ ಬೆರಳಿನ ಕೆಂಪು ಹೋಗುತ್ತಿರಲಿಲ್ಲ.

ಲಿಂಗಕ್ಕೆ ಎಡೆಯಾಗದೆ ರುಚಿ ನೋಡುವಂತಿಲ್ಲ. ಅದಕ್ಕೇ ಬೆಲ್ಲ ಕೈಯಲ್ಲಿ ಹಿಡಿದು ಒಳಮನೆಯ ಕಡೆ ತಿರುಗಿ, "ಇಷ್ಟು ಬೆಲ್ಲ ಸಾಕೇನ್ರಿ?" ಎಂದು ಕೇಳುವರು. ತುಸು ಹೊತ್ತು ಕಾದು, ಆಮೇಲೆ ಹಾಕುವರು.

ಒಳಗೆ ಯಜಮಾನರು ಇದ್ದಾರೆಂದೇ ತಿಳಿದಿದ್ದೆ. ಬೆಲ್ಲ ಎಷ್ಟೆಂದು ಕಣ್ಣಳತೆಯಲ್ಲೇ ಹೇಳುತ್ತಿದ್ದ ಅವರು, ಊರೆಲ್ಲ ಪ್ಲೇಗಿಗೆ ಹೆದರಿ ಹೊಲದ ಗುಡಿಸಲು ಸೇರಿದ್ದ ವರ್ಷವೇ ತೀರಿಹೋದರೆಂದು ನಮ್ಮತ್ತೆ ಹೇಳಿದರು.

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಮರುದಿನ ಅಜ್ಜಿ ಹಾಗೆ ಕೇಳಿ ಕಾಯುತ್ತಾ ನಿಂತಾಗ ತಡೆಯಲಾರದೆ, "ಸಾಕಜ್ಜಿ, ಅಷ್ಟೇ ಹಾಕ್ರಿ" ಅಂದುಬಿಟ್ಟೆ.

ಅವರ ಕೈ ಅಲ್ಲೇ ನಿಂತಿತು.

"ನಿನ್ನ ಕೇಳ್ಲಿಲ್ಲವ್ವ" ಎಂದರು, ಮೆತ್ತಗೆ.

ಸಂಜೆ ಎಂದಿನಂತೆ ನನಗೊಂದು ಲೋಟ ತಂದುಕೊಟ್ಟರು. ಕಣ್ಣು ಮುಚ್ಚಿ ಪೂರ್ತಿ ಕುಡಿದೆ. ಅದಕ್ಕೆ ಬೆಲ್ಲವೇ ಬಿದ್ದಿರಲಿಲ್ಲ.