ಕೊಡೆ ಓಣಿ ಎಲ್ಲುಂಟು?

ಅರವತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಮಂಗಳೂರಿನ ಪುರಸಭೆಯಲ್ಲಿ ಸರ್ವೇಯರ್ ಆಗಿದ್ದೆ. ಬೀದಿಗಳಿಗೆ ಹೊಸ ಹೆಸರಿನ ಫಲಕ ಹಾಕಿಸುವ ಕೆಲಸ ಆಗ ನಡೆದಿತ್ತು. ಹಳೆಯ ಹೆಸರು ಹಿಡಿದುಕೊಂಡು ವಿಳಾಸ ಹುಡುಕುತ್ತ ಬಂದವರನ್ನು ಕಚೇರಿಯವರು ನನ್ನ ಮೇಜಿಗೇ ಕಳುಹಿಸುತ್ತಿದ್ದರು.

ಹಾಗೆ ಒಂದು ಮಧ್ಯಾಹ್ನ ಬಂದವರು ಸೆರಾಫಿನ್ ಬಾಯಿ. ಐವತ್ತು ದಾಟಿದ ಕೊಂಕಣಿ ಕ್ರೈಸ್ತ ಮಹಿಳೆ. ಆರು ವರ್ಷದವರಿದ್ದಾಗ ತಂದೆಯ ಜೊತೆ ರಂಗೂನಿಗೆ ಹೋದವರು ಅಲ್ಲೇ ನರ್ಸ್ ಆಗಿದ್ದರು. ಮದುವೆಯಾಗಿರಲಿಲ್ಲ. ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಭಾರತೀಯರು ಬರ್ಮಾ ಬಿಟ್ಟು ಬರಬೇಕಾದಾಗ ಅವರೂ ಒಂದು ಟ್ರಂಕಿನೊಂದಿಗೆ ಹುಟ್ಟೂರಿಗೆ ಬಂದಿಳಿದಿದ್ದರು. ಬಿಜೈಯ ಒಂದು ಬಾಡಿಗೆ ಕೋಣೆ ಬಿಟ್ಟರೆ ಇಲ್ಲಿ ಅವರದ್ದೆನ್ನುವುದು ಏನೂ ಇರಲಿಲ್ಲ.

“ಕೊಡೆ ಓಣಿ ಎಲ್ಲುಂಟು ಸರ್? ಅಲ್ಲಿ ಪಪ್ಪನ ಕೊಡೆ ರಿಪೇರಿ ಅಂಗಡಿ ಇತ್ತು, ಹಿಂದೆಯೇ ನಮ್ಮ ಮನೆ. ಯಾರನ್ನು ಕೇಳಿದ್ರೂ ಗೊತ್ತಿಲ್ಲ ಹೇಳ್ತಾರೆ.” ತಂದೆ ಪಟ್ಟುಹಿಡಿದು ಕಲಿಸಿದ ಕನ್ನಡವಂತೆ ಅದು.

ಹಳೆಯ ನಕ್ಷೆಗಳನ್ನೆಲ್ಲ ಬಿಡಿಸಿ ನೋಡಿದೆ. ಅಂಥ ಹೆಸರೇ ಇರಲಿಲ್ಲ. ಕೊನೆಗೆ ಕೇಳಿದೆ: “ಅಂಗಡಿಯ ಮೆಟ್ಟಿಲಲ್ಲಿ ಕೂತರೆ ನಿಮಗೆ ಎಂತ ಕಾಣ್ತಿತ್ತು?”

ಅವರು ಕಣ್ಣು ಮುಚ್ಚಿದರು. “ಎದುರಿಗೆ ಹಂಚಿನ ಕಾರ್ಖಾನೆಯ ಚಿಮಣಿ. ಅದರ ತಲೆ ಮೇಲೆ ಇಟ್ಟ ಹಾಗೆ ಇಗರ್ಜಿಯ ಶಿಲುಬೆ. ಎಡಕ್ಕೆ ತಿರುಗಿದ್ರೆ ಓಣಿಯ ತುದಿಯಲ್ಲಿ ಹೊಳೆ, ದೋಣಿ ಹತ್ತುವ ಕಡವು.”

ದೂರದ ಎರಡು ಗುರುತುಗಳು ಒಂದರ ಹಿಂದೆ ಒಂದು ಕೂಡಿ ಕಾಣುವುದಕ್ಕೆ ನಾವು ಅಲೈನ್‌ಮೆಂಟ್ ಎನ್ನುತ್ತೇವೆ. ಶಿಲುಬೆಯಿಂದ ಚಿಮಣಿಗೆ ಗೆರೆ ಎಳೆದು ಮುಂದುವರಿಸಿದರೆ ನೋಡಿದವರು ಆ ಗೆರೆಯ ಮೇಲೆಯೇ ಎಲ್ಲೋ ಕೂತಿರಬೇಕು. ನನ್ನ ಗೆರೆ ಹೊಳೆಬದಿಯ ಬೋಳಾರದ ಹಲವು ಓಣಿಗಳನ್ನು ದಾಟಿತು. ನೇರ ಕಡವಿಗೆ ಇಳಿಯುವುದು ಅವುಗಳಲ್ಲಿ ಒಂದೇ.

ಮರುದಿನ ಬೆಳಿಗ್ಗೆ ಇಬ್ಬರೂ ಆ ಓಣಿಗೆ ಹೋದೆವು. ಒಂದು ಗೋದಾಮಿನ ಗೋಡೆಯ ಮುಂದೆ ಸೆರಾಫಿನ್ ಬಾಯಿ ನಿಂತರು. ನಿಂತು ನೋಡಿದರೆ ಏನೂ ಹೊಂದಲಿಲ್ಲ. ಸೀರೆಯ ನೆರಿಗೆ ಒತ್ತಿಕೊಂಡು, ಮಗುವಿನ ಎತ್ತರಕ್ಕೆ, ನೆಲದಲ್ಲಿ ಕುಕ್ಕರಿಸಿದರು. ಶಿಲುಬೆ ಚಿಮಣಿಯ ತಲೆಯ ಮೇಲೆ ಬಂದು ಕೂತಿತು.

“ಇದೇ,” ಎಂದರು.

ಎದುರು ಮನೆಯಿಂದ ಕಮಲಕ್ಕ ಎಂಬ ತುಂಬಾ ವಯಸ್ಸಾದ ತುಳು ಹೆಂಗಸು ಹೊರಬಂದರು. ಕೊಡೆ ರಿಪೇರಿಯ ಅಂಗಡಿ ನೆನಪುಂಟಾ ಎಂದು ಕೇಳಿದೆ. ಅವರು ಸೆರಾಫಿನ್ ಬಾಯಿಯನ್ನೇ ದಿಟ್ಟಿಸಿದರು.

“ಪಾಸ್ಕಲನ ಬಾಲೆಯಾ ನೀನು?”

“ಹೌದು. ಇದು ಕೊಡೆ ಓಣಿಯೇ ಅಲ್ವಾ?”

“ಅಲ್ಲ ಮಾರಾಯ್ತಿ, ಇದು ಯಾವತ್ತೂ ಕಡವಿನ ಓಣಿ. ನಿನ್ನ ಅಮ್ಮ ಹೋದ ದೋಣಿ ಮಗುಚಿತಲ್ಲ, ಆಮೇಲೆ ಕಡವು ಎನ್ನುವ ಮಾತೇ ನಿನ್ನ ಅಪ್ಪನ ಬಾಯಲ್ಲಿ ಬರ್ಲಿಲ್ಲ. ನಿನಗೆ ಕೊಡೆ ಓಣಿ ಹೇಳಿ ಕಲಿಸಿದ. ನಾವ್ಯಾರೂ ಹಾಗೆ ಕರೆದದ್ದಿಲ್ಲ.”

“ಪಪ್ಪ ಜ್ವರ ಹೇಳಿದ್ರು,” ಎಂದರು ಸೆರಾಫಿನ್ ಬಾಯಿ. “ಅಮ್ಮ ಜ್ವರದಲ್ಲಿ ಹೋದದ್ದು ಹೇಳಿದ್ರು.”

ಕಮಲಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. ಊಟಕ್ಕೆ ನಿಲ್ಲು ಎಂದು ಕೈ ಹಿಡಿದರು. ಸೆರಾಫಿನ್ ಬಾಯಿ ಮೆಲ್ಲಗೆ ಕೈ ಬಿಡಿಸಿಕೊಂಡು, ಒಬ್ಬರೇ ಕಡವಿನವರೆಗೆ ನಡೆದುಹೋದರು. ನಾನು ಹಿಂದೆ ಹೋಗಲಿಲ್ಲ. ಜನ ತುಂಬಿದ ದೋಣಿಯೊಂದು ಆಚೆ ದಡಕ್ಕೆ ಹೊರಟಿತು. ಅದು ಮುಟ್ಟುವವರೆಗೂ ಅವರು ಅಲ್ಲಾಡಲಿಲ್ಲ.

ಬಸ್ಸಿಗೆ ಕಾಯುವಾಗ ಕೇಳಿದರು: “ನಿಮ್ಮ ಮನೆ ಎಲ್ಲಿತ್ತು ಅಂತ ಯಾರಾದ್ರೂ ಕೇಳಿದ್ರೆ ಇನ್ನು ಎಂತ ಹೇಳುವುದು ಸರ್? ಕೊಡೆ ಓಣಿ ಗೊತ್ತಿರುವವಳು ನಾನೊಬ್ಬಳೇ ಅಲ್ವಾ?”

ಬಸ್ಸು ಬಂತು, ಅವರು ಹತ್ತಿದರು. ಆಮೇಲೆ ಕಚೇರಿಗೆ ಬರಲಿಲ್ಲ. ಆ ಓಣಿಗೆ ಮೂರನೆಯದೊಂದು ಹೆಸರಿನ ಫಲಕ ಬಂತು.

ನಿವೃತ್ತಿಯವರೆಗೂ ನಾನು ಬೀದಿಯ ಹೆಸರು ಬರೆದುಕೊಳ್ಳುವ ಮೊದಲು ಮನೆಮನೆಯ ಬಾಗಿಲಲ್ಲಿ ನಿಂತು, ನೀವು ಇದನ್ನು ಏನೆಂದು ಕರೆಯುತ್ತೀರಿ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಹೆಸರಿನ ಜೊತೆ ಕತೆಯನ್ನೂ ಹೇಳುತ್ತಿದ್ದರು. ಕೆಲವರು ಹೆಸರು ಮಾತ್ರ ಹೇಳಿ ಸುಮ್ಮನಾಗುತ್ತಿದ್ದರು. ಅಂಥವರನ್ನು ಯಾಕೆ ಎಂದು ಕೇಳಬಾರದು. ಆ ಕೆಲಸ ನನಗೆ ಕಲಿಸಿದ್ದು ಅಷ್ಟು.