ರಾಣಿಯರ ಶುಕ್ರವಾರ

ಹಿಂದಿನಿಂದ ಯಾರಾದರೂ ಕರೆದರೆ ನಮ್ಮ ಇತಿಹಾಸದ ಟೀಚರ್ ಕುತ್ತಿಗೆ ತಿರುಗಿಸುತ್ತಿರಲಿಲ್ಲ. ಇಡೀ ದೇಹವನ್ನೇ ನಿಧಾನವಾಗಿ ತಿರುಗಿಸಿ, ಗಲ್ಲ ಮೇಲೆತ್ತಿ ನೋಡುತ್ತಿದ್ದರು. ಅದು ಕತ್ತಿನ ಮೂಳೆ ಸವೆದ ನೋವು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿಯವರೆಗೂ ರಾಣಿಯರ ಕಥೆ ಹೇಳಿ ಹೇಳಿ ಅವರಿಗೇ ಆ ಗತ್ತು ಬಂದಿದೆ ಎಂದು ನಂಬಿದ್ದೆ. ಆ ನಂಬಿಕೆಯನ್ನು ಈಗಲೂ ಪೂರ್ತಿ ಬಿಟ್ಟಿಲ್ಲ.

ತೊಂಬತ್ತರ ದಶಕದ ಕೊನೆ. ಅಪ್ಪ ಕುವೈತಿನ ಎಣ್ಣೆ ಕಂಪನಿಯ ಊರು ಅಹ್ಮದಿಯಲ್ಲಿ ಎಂಜಿನಿಯರ್. ಟೀಚರ್ ಮಂಗಳೂರಿನ ಕಡೆಯ ಕೊಂಕಣಿ ಕ್ಯಾಥೊಲಿಕರು, ಒಂಟಿ. ಕುವೈತಿನಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಭಾನುವಾರದ ಪೂಜೆಗೂ ಜನ ಅಂದೇ ಇಗರ್ಜಿಗೆ ಹೋಗುತ್ತಾರೆ. ಬೆಳಗಿನ ಪೂಜೆ ಮುಗಿಸಿ ಬಂದವರೇ ಟೀಚರ್ ತಮ್ಮ ಪುಟ್ಟ ಫ್ಲಾಟಿನಲ್ಲಿ ನಮ್ಮಂಥ ಏಳೆಂಟು ಹುಡುಗಿಯರನ್ನು ಚಾಪೆಯ ಮೇಲೆ ಕೂರಿಸಿಕೊಂಡು ಪಠ್ಯಪುಸ್ತಕದಲ್ಲಿಲ್ಲದ ಪಾಠ ಮಾಡುತ್ತಿದ್ದರು. ರೋಮ್ ಸಾಮ್ರಾಜ್ಯದ ಕೊನೆಗಾಲದ ಅರಮನೆಯ ಹೆಂಗಸರು, ಅದೊಂದೇ ವಿಷಯ.

"ಹೆಸರು, ಇಸವಿ ಎಲ್ಲ ಪರೀಕ್ಷೆಗೆ ಮಗಾ. ಅವಳು ಎಂತ ಮಾಡಿದಳು, ಅದು ನಿಮಗೆ" ಎನ್ನುತ್ತಿದ್ದರು. ಹಾಗಾಗಿ ಆ ರಾಣಿಯರ ಹೆಸರುಗಳು ನನ್ನ ಬಾಯಿಗೆ ಬರುವುದಿಲ್ಲ, ಬದುಕು ಮಾತ್ರ ಅಚ್ಚೊತ್ತಿ ಕೂತಿದೆ. ಒಬ್ಬಳನ್ನು ಶತ್ರುಗಳು ರೋಮಿನಿಂದಲೇ ಹೊತ್ತೊಯ್ದರು. ಅವರ ರಾಜನನ್ನೇ ಮದುವೆಯಾದಳು. ಅವನು ಕೊಲೆಯಾದಾಗ, ಗದ್ದುಗೆ ಹಿಡಿದವನು ಅವಳನ್ನು ಸೆರೆಯಾಳುಗಳ ಜೊತೆ ತನ್ನ ಕುದುರೆಯ ಮುಂದೆ ನಡೆಸಿದ. ಕೊನೆಗೆ ಅಣ್ಣ ಗೋಧಿ ಕೊಟ್ಟು ಬಿಡಿಸಿಕೊಂಡ. "ಗೋಧಿಗೆ ಬದಲಾಗಿ ಬಂದವಳು ಮತ್ತೆ ಪುಟ್ಟ ಮಗನ ಹೆಸರಲ್ಲಿ ಅರ್ಧ ಸಾಮ್ರಾಜ್ಯ ಆಳಿದಳು, ಗೊತ್ತುಂಟಾ?" ಎಂದು ಟೀಚರ್ ಕೇಳಿದಾಗ ನಾವು ಬಾಯಿ ತೆರೆದವರು ಮುಚ್ಚಿರಲಿಲ್ಲ.

ಅವರಿಗೆ ಅಚ್ಚುಮೆಚ್ಚಿನವಳು ಇನ್ನೊಬ್ಬಳು. ತಂದೆ ಸತ್ತು, ಎಳೆಯ ತಮ್ಮ ಸಿಂಹಾಸನದ ಮೇಲೆ. ಅಕ್ಕನನ್ನು ಮದುವೆಯಾದವನು ತಮ್ಮನನ್ನು ನುಂಗುವುದು ಖಂಡಿತ. ಅದಕ್ಕೆ ಹದಿನೈದರ ಆ ಹುಡುಗಿ ತಾನು ಕನ್ಯೆಯಾಗಿಯೇ ಉಳಿಯುವೆನೆಂದು ದೇವರ ಮುಂದೆ ವ್ರತ ತೊಟ್ಟು, ಇಗರ್ಜಿಗೆ ರತ್ನದ ಪೀಠ ಮಾಡಿಸಿ ಅದರ ಮೇಲೆ ಬರೆಸಿಯೂ ಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ಆ ತಮ್ಮ, ಕುದುರೆಯಿಂದ ಬಿದ್ದು ಸತ್ತ. ಹೆಂಗಸೊಬ್ಬಳೇ ಆಳುವ ಹಾಗಿಲ್ಲ. ಆಗ ಐವತ್ತು ದಾಟಿದ ಅವಳು ತಾನೇ ಒಬ್ಬ ಮುದಿ ಸಿಪಾಯಿಯನ್ನು ಆರಿಸಿ, ವ್ರತಕ್ಕೆ ಭಂಗ ತರಕೂಡದೆಂಬ ಷರತ್ತು ಹಾಕಿ ಮದುವೆಯಾಗಿ ಅವನನ್ನು ಚಕ್ರವರ್ತಿ ಮಾಡಿದಳು.

ಇತ್ತ ನಮ್ಮಮ್ಮನದೇ ಒಂದು ಕಥೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವರು. ಮದುವೆಯಾಗದ ಕ್ಯಾಥೊಲಿಕ್ ಟೀಚರ್ ಎಂದರೆ ಸನ್ಯಾಸಿನಿಯೇ ಎಂಬ ಲೆಕ್ಕ ಅವರದು. ಮೊದಲ ದಿನದಿಂದಲೇ "ಸಿಸ್ಟರ್" ಎಂದು ಕರೆದು, ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಟೀಚರ್ ತಿದ್ದಲಿಲ್ಲ. ಊರಿನಲ್ಲಿ ನಾಲ್ವರು ತಮ್ಮತಂಗಿಯರನ್ನು ದಡ ಮುಟ್ಟಿಸಿದ್ದರು. ತಮ್ಮ ಬದುಕಿಗೆ ಆ ಹೆಸರು ಒಪ್ಪುತ್ತದೆ ಎನಿಸಿತೋ ಏನೋ.

ನಾನು ಹನ್ನೆರಡನೇ ತರಗತಿಯಲ್ಲಿದ್ದಾಗ ಶಾಲೆಯವರು ಟೀಚರ್‌ಗೆ ವಯಸ್ಸಾಯಿತೆಂದರು. ಕೆಲಸ ಹೋದರೆ ಇಕಾಮಾ, ಅಂದರೆ ವಾಸದ ಪರವಾನಗಿ, ಹೋಯಿತು; ಇಕಾಮಾ ಇಲ್ಲದೆ ಈ ದೇಶದಲ್ಲಿ ಇರುವಂತಿಲ್ಲ. ಊರಿನಲ್ಲಿ ತಮ್ಮನ ಮನೆಯ ಹಿಂದಿನ ಕೋಣೆ ಕಾದಿತ್ತು, ಅವನ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೂ. ಶುಕ್ರವಾರ ಇನ್ನಿಲ್ಲ ಎಂದು ನಾವು ಹುಡುಗಿಯರು ಶಾಲೆಯ ಬಸ್ಸಿನಲ್ಲೇ ಅತ್ತೆವು.

ಆಗ ಅಪ್ಪನ ಕೈಕೆಳಗಿನ ಫೋರ್‌ಮನ್ ಒಬ್ಬರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕ್ ವಿಧುರರು, ತಮ್ಮನ್ನು ಮದುವೆಯಾಗುತ್ತಾರಾ ಎಂದು ಟೀಚರನ್ನು ಕೇಳಿ ನೋಡಿ ಎಂದು ಅಪ್ಪನಿಗೆ ಹೇಳಿದರು. ಅಮ್ಮ ಕಿವಿ ಮುಚ್ಚಿಕೊಂಡರು. "ಶಿವ ಶಿವಾ! ಸಿಸ್ಟರ್‌ಗೆ ಮದುವೆ ಮಾತೇನ್ರೀ? ಪಾಪ ಸುತ್ಕೊಳ್ಳತ್ತೆ!"

"ಅವರು ಸಿಸ್ಟರ್ ಅಂತ ನಿಂಗೆ ಯಾರೇ ಹೇಳಿದ್ದು?" ಎಂದು ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನ ಮುಖ ನೋಡುವಂತಿತ್ತು.

ನಮ್ಮ ಮನೆಯ ಸೋಫಾದಲ್ಲೇ ಇಬ್ಬರೂ ಎದುರುಬದುರು ಕೂತರು. ನಮಗೂ ಅರ್ಥವಾಗಲೆಂದು ಕೊಂಕಣಿ ಬಿಟ್ಟು ಕನ್ನಡದಲ್ಲೇ ಮಾತಾಡಿದರು. ಟೀಚರ್ ಸುತ್ತಿ ಬಳಸಲಿಲ್ಲ.

"ನಂಗೆ ಇಲ್ಲಿ ಇರ್ಲಿಕ್ಕೆ ಇಕಾಮಾ ಬೇಕು, ಮದುವೆಯಾದ್ರೆ ನಿಮ್ಮ ಮೂಲಕ ಸಿಗ್ತದೆ. ಸುಳ್ಳು ಯಾಕೆ ಹೇಳ್ಬೇಕು? ಮತ್ತೊಂದು ಉಂಟು. ಶುಕ್ರವಾರ ಬೆಳಿಗ್ಗೆ ಮನೆಯೆಲ್ಲ ಈ ಹುಡುಗಿಯರದ್ದು. ಆಗ ನೀವು ಅಡಿಗೆಮನೆಯಲ್ಲಿ ಇರ್ಬೇಕು. ಬೇಕಾದ್ರೆ ಚಾ ಮಾಡಿ."

ಆತ ತಟ್ಟೆಯಿಂದ ಒಂದು ಚಕ್ಕುಲಿ ಎತ್ತಿಕೊಂಡರು. "ಹುಡುಗಿಯರಿಗೆ ಸಕ್ಕರೆ ಎಷ್ಟು ಹಾಕ್ಬೇಕು?" ಎಂದರು.

ಸಾವಿರದೈನೂರು ವರ್ಷದ ಹಿಂದಿನ ಅರಮನೆಯೊಂದರ ಮಾತುಕತೆ ಅಹ್ಮದಿಯ ನಮ್ಮ ಕಂಪನಿ ಕ್ವಾರ್ಟರ್ಸಿನಲ್ಲಿ, ಚಕ್ಕುಲಿಯ ತಟ್ಟೆಯ ಎರಡೂ ಕಡೆ ನಡೆಯುತ್ತಿತ್ತು. ಈಕೆ ನಮಗೆ ಕಥೆ ಹೇಳಿರಲಿಲ್ಲ, ಹೇಗೆ ಬದುಕಬೇಕೆಂದು ತೋರಿಸುತ್ತಿದ್ದರು. ಅಷ್ಟು ದೊಡ್ಡವರನ್ನು ನಾನು ಮತ್ತೆ ಕಂಡಿಲ್ಲ.

ಆತ ಹತ್ತು ವರ್ಷ ಮಾತು ಉಳಿಸಿಕೊಂಡರು. ಮದುವೆಯಾದ ಮೇಲೂ ಹೆಂಡತಿಯನ್ನು "ಟೀಚರ್" ಎಂದೇ ಕರೆಯುತ್ತಿದ್ದರು. ಶುಕ್ರವಾರ ಚಾಪೆ ತುಂಬುತ್ತಲೇ ಇತ್ತು. ಹೊಸ ಹುಡುಗಿಯರು ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು, ಟೀಚರ್ ಎರಡರಲ್ಲೂ ಗದರುತ್ತಿದ್ದರು.

ನಾನು ಓದು ಮುಗಿಸಿ ಬಂದು ಕುವೈತ್ ಸಿಟಿಯ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ ಕೆಲವು ವರ್ಷಕ್ಕೆ ಟೀಚರ್ ತೀರಿಕೊಂಡರು. ಆತ ಹೆಂಡತಿಯನ್ನು ಊರಿಗೆ ಒಯ್ದು ಮಣ್ಣು ಮಾಡಿ, ಮೂರು ವಾರದ ಮೇಲೆ ಒಬ್ಬರೇ ಮರಳಿದರು. ಗುರುವಾರ ನನಗೆ ಫೋನ್ ಬಂತು. "ನಾಳೆ ನೀವು ಪಾಠ ಮಾಡ್ಬೇಕು. ಹುಡುಗಿಯರಿಗೆ ಹೇಳಿದ್ದೇನೆ."

ಹೋದೆ. ಹದಿನೈದರ ಆ ರಾಜಕುಮಾರಿಯ ಕಥೆಯನ್ನೇ ಹೇಳಿದೆ, ಬಲು ಕೆಟ್ಟದಾಗಿ. ಹುಡುಗಿಯರು ಹೋದ ಮೇಲೆ ಆತ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು.

"ಒಂದು ಕೇಳ್ಲಾ? ಇಷ್ಟು ವರ್ಷ ಒಳಗಿನಿಂದ ಕೇಳಿದ್ದೇನೆ. ರಾಣಿ ಸತ್ತ ಮೇಲೆ ಆ ಮುದುಕ ಸಿಪಾಯಿ ಎಂತ ಮಾಡಿದ? ಟೀಚರ್ ಅದನ್ನು ಹೇಳ್ಳೇ ಇಲ್ಲ."

ನಾನು ಓದಿಕೊಂಡಿದ್ದೆ. "ಅವಳು ತನ್ನದೆಲ್ಲ ಬಡವರಿಗೆ ಅಂತ ಬರೆದಿಟ್ಟಿದ್ದಳು. ಅವನು ತನಗೆ ಅಂತ ಏನೂ ಉಳಿಸ್ಕೊಳ್ಳದೆ, ಅವಳು ಹೇಳಿದ ಹಾಗೇ ಹಂಚಿದ."

ಆತ ಒಳಗೆ ಬಂದು ಚಾಪೆಯನ್ನು ಸುರುಳಿ ಸುತ್ತಿ ಮೂಲೆಗೆ ಒರಗಿಸಿದರು. ಆಮೇಲೆ, "ಹಾಗಾದ್ರೆ ಬರುವ ಶುಕ್ರವಾರ ಸ್ವಲ್ಪ ಬೇಗ ಬನ್ನಿ. ಇನ್ನೂ ಇಬ್ಬರು ಹುಡುಗಿಯರು ಬರ್ತಾರೆ" ಎಂದರು.